ಪೆಟ್ ಸ್ಕ್ಯಾನ್ ಚಿತ್ರದಲ್ಲಿ ಕಿಡ್ನಿ ಹೊಳೆದರೆ ಕ್ಯಾನ್ಸರ್ ಹರಡಿದೆ ಎಂದರ್ಥವೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಪೆಟ್ ಸ್ಕ್ಯಾನ್‌ಗಾಗಿ ಹುಬ್ಬಳ್ಳಿಗೋ, ಮಣಿಪಾಲಕ್ಕೋ, ಬೆಂಗಳೂರಿಗೋ ಹೋಗಬೇಕಾಗುತ್ತದೆ. ನಸುಕಿನಲ್ಲಿ ಹೊರಡುವ ಮೊದಲೇ ಸಲಹೆಗಳು ಶುರು: 'ಆ ಇಂಜೆಕ್ಷನ್‌ನಿಂದ ಕಿಡ್ನಿ ಹೋಗುತ್ತದೆ', 'ಎಳನೀರು ಕುಡಿದರೆ ಎಲ್ಲ ತೊಳೆದು ಹೋಗುತ್ತದೆ', 'ಕಿಡ್ನಿ ಹೊಳೆದರೆ ಅಲ್ಲಿಗೂ ಹರಡಿದೆ'. ಇವುಗಳಲ್ಲಿ ಎಷ್ಟು ನಿಜ? ನೋಡೋಣ.

ಇಂಜೆಕ್ಷನ್‌ನಲ್ಲಿ ಏನಿರುತ್ತದೆ?

ಹೆಚ್ಚಾಗಿ ಕೊಡುವುದು ಎಫ್‌ಡಿಜಿ. ಇದು ಗ್ಲೂಕೋಸ್‌ನಂಥ ವಸ್ತು. ಇದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಜೋಡಿಸಿರುತ್ತಾರೆ. ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಸಕ್ಕರೆಯನ್ನು ಹೆಚ್ಚು ಬಳಸುವುದರಿಂದ ಇದನ್ನೂ ಹೆಚ್ಚು ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತವೆ. ಇಂಜೆಕ್ಷನ್ ಆದ ಸುಮಾರು ಒಂದು ಗಂಟೆಯ ಬಳಿಕ ಸ್ಕ್ಯಾನ್ ಮಾಡುತ್ತಾರೆ.

ಕಿಡ್ನಿ ಏಕೆ ಹೊಳೆಯುತ್ತದೆ?

ಕಿಡ್ನಿ ರಕ್ತದ ಗ್ಲೂಕೋಸನ್ನು ಸೋಸಿ, ಮತ್ತೆ ರಕ್ತಕ್ಕೇ ಮರಳಿಸುತ್ತದೆ. ಎಫ್‌ಡಿಜಿಯ ರಚನೆ ಸ್ವಲ್ಪ ಬೇರೆ. ಹಾಗಾಗಿ ಅದನ್ನು ಅಷ್ಟಾಗಿ ಮರಳಿಸಲಾಗದೆ ಮೂತ್ರಕ್ಕೆ ಬಿಡುತ್ತದೆ. ಮೊದಲ ಎರಡು ಗಂಟೆಗಳಲ್ಲಿ ಸುಮಾರು ಐದನೇ ಒಂದು ಭಾಗ ಹೀಗೆ ಹೊರಹೋಗುತ್ತದೆ. ಆದ್ದರಿಂದ ಕಿಡ್ನಿ, ಮೂತ್ರಕೋಶ ಹೊಳೆಯುವುದು ಸಹಜ. ಮಿದುಳು ಕೂಡ ಹೊಳೆಯುತ್ತದೆ. ಸ್ಕ್ಯಾನ್‌ಗೆ ಮುನ್ನ ಮೂತ್ರ ಮಾಡಿ ಬರಲು ಹೇಳುವುದೂ ಇದಕ್ಕೇ: ತುಂಬಿದ ಮೂತ್ರಕೋಶದ ಹೊಳಪು ಅಕ್ಕಪಕ್ಕದ ಗಡ್ಡೆಯನ್ನು ಮರೆಮಾಡಬಹುದು.

ಕಿಡ್ನಿ ದುರ್ಬಲವಾಗಿದ್ದರೆ?

ಎಫ್‌ಡಿಜಿ ನಿಧಾನವಾಗಿ ಹೊರಹೋಗಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಚಿತ್ರದ ಹಿನ್ನೆಲೆ ತುಸು ಬೆಳ್ಳಗಾಗಿ, ಚಿಕ್ಕ ಗಡ್ಡೆಗಳು ಎದ್ದು ಕಾಣುವುದು ಕಡಿಮೆಯಾಗಬಹುದು. ಕಿಡ್ನಿ ಸಮಸ್ಯೆ ಇದೆಯೆಂದು ಮೊದಲೇ ಗೊತ್ತಿದ್ದರೆ ವೈದ್ಯರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಚಿತ್ರ ಓದುತ್ತಾರೆ. ಡಯಾಲಿಸಿಸ್‌ನಲ್ಲಿರುವವರಿಗೂ ಪೆಟ್ ಸ್ಕ್ಯಾನ್ ಮಾಡಬಹುದು.

ಕಿಡ್ನಿ ಹಾಳಾಗುತ್ತದೆಯೇ?

ಎಫ್‌ಡಿಜಿಯಿಂದ ಹಾಳಾಗುವುದಿಲ್ಲ, ಕೊಡುವ ಪ್ರಮಾಣ ಅತ್ಯಲ್ಪ. ಫ್ಲೋರಿನ್-18ರ ವಿಕಿರಣ ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತ ಹೋಗುತ್ತದೆ. ಮೂತ್ರ ಸರಿಯಾಗಿ ಹೋಗದವರಲ್ಲೂ 24 ಗಂಟೆಯ ಬಳಿಕ ಉಳಿಯುವುದು ಹತ್ತು ಸಾವಿರದಲ್ಲಿ ಸುಮಾರು ಒಂದು ಭಾಗ ಮಾತ್ರ. ಆದರೆ ಜೊತೆಗೆ ಮಾಡುವ ಸಿಟಿ ಸ್ಕ್ಯಾನ್‌ಗೆ ಕೆಲವೊಮ್ಮೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧಿ ಕೊಡುತ್ತಾರೆ. ಎಚ್ಚರ ಬೇಕಿರುವುದು ಅದಕ್ಕೆ. ಕ್ರಿಯಾಟಿನಿನ್ ವರದಿ ಕೇಳುವುದೂ ಇದೇ ಕಾರಣಕ್ಕೆ.

ಎಳನೀರು ಕುಡಿಯಬಹುದೇ?

ಸ್ಕ್ಯಾನ್‌ಗೆ ಮುನ್ನ ಬೇಡ. ಅದರಲ್ಲಿ ಸಕ್ಕರೆ ಇದೆ, ಪೊಟ್ಯಾಸಿಯಂ ಕೂಡ ಹೆಚ್ಚು. ಕಿಡ್ನಿ ವೈಫಲ್ಯ ಇರುವವರಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಅಪಾಯ. 'ಲೀಟರ್‌ಗಟ್ಟಲೆ ನೀರು ಕುಡಿಯಿರಿ' ಎಂಬ ಸಲಹೆಯೂ ಎಲ್ಲರಿಗಲ್ಲ. ಆರೋಗ್ಯವಂತ ಕಿಡ್ನಿ ಇರುವವರಿಗೆ ಬರಿ ನೀರು ಒಳ್ಳೆಯದು; ನೀರಿಗೆ ಮಿತಿ ಇಟ್ಟಿರುವ ರೋಗಿ ಆ ಮಿತಿ ಮೀರಿದರೆ ಉಸಿರು ಕಟ್ಟುವ ಪರಿಸ್ಥಿತಿ ಬರಬಹುದು.

ಹೊರಡುವ ಮುನ್ನ ಇಷ್ಟು ನೆನಪಿಡಿ

• ಸಾಮಾನ್ಯವಾಗಿ 4ರಿಂದ 6 ಗಂಟೆ ಉಪವಾಸ. ಬೆಲ್ಲ, ಹಾಲು ಹಾಕಿದ ಬೆಳಗಿನ ಕಷಾಯವೂ ಬೇಡ.
• ಹಿಂದಿನ ದಿನ ತೋಟದ ಭಾರೀ ಕೆಲಸ ಬೇಡ. ದಣಿದ ಸ್ನಾಯುಗಳೂ ಹೊಳೆಯುತ್ತವೆ. ಕವಳ ಹಾಕಬೇಡಿ, ಜಗಿದರೆ ದವಡೆಯ ಸ್ನಾಯು ಹೊಳೆದು, ಬಾಯಿ ಕ್ಯಾನ್ಸರ್ ನೋಡುವವರಿಗೆ ಗೊಂದಲವಾಗುತ್ತದೆ.
• ಸಕ್ಕರೆ ಕಾಯಿಲೆ, ಕ್ರಿಯಾಟಿನಿನ್, ಡಯಾಲಿಸಿಸ್ ದಿನಗಳನ್ನು ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ತಿಳಿಸಿ. ಸಕ್ಕರೆ 200 ಮಿ.ಗ್ರಾಂ ದಾಟಿದ್ದರೆ ಹಲವು ಕಡೆ ಸ್ಕ್ಯಾನ್ ಮುಂದೂಡುತ್ತಾರೆ. ಅಷ್ಟು ದೂರ ಹೋಗಿ ಬರಿಗೈಲಿ ಮರಳುವುದು ತಪ್ಪುತ್ತದೆ.
• ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್ ನಿಲ್ಲಿಸಬೇಕೇ ಎಂದು ವೈದ್ಯರನ್ನೇ ಕೇಳಿ.
• ಸ್ಕ್ಯಾನ್ ಆದ ದಿನ ಗರ್ಭಿಣಿಯರು, ಎಳೆಮಕ್ಕಳಿಂದ ಕೆಲ ಗಂಟೆ ದೂರವಿರಿ.

ನಮ್ಮ ತೀರ್ಮಾನ: ಕಿಡ್ನಿಯ ಹೊಳಪು ತಾನಾಗಿಯೇ ಕ್ಯಾನ್ಸರ್‌ನ ಗುರುತಲ್ಲ. ಕಿಡ್ನಿಯಲ್ಲಿ ನಿಜಕ್ಕೂ ಗಡ್ಡೆ ಇದೆಯೇ ಎಂಬುದನ್ನು ಸಿಟಿ ಚಿತ್ರದೊಂದಿಗೆ ಹೋಲಿಸಿ ತಜ್ಞರು ಹೇಳಬೇಕು. ವರದಿಯ ಫೋಟೋವನ್ನು ಗ್ರೂಪಿಗೆ ಹಾಕುವ ಬದಲು ವೈದ್ಯರಿಗೆ ತೋರಿಸಿ. ಫಾರ್ವರ್ಡ್ ನಂಬಿ ಸ್ಕ್ಯಾನ್ ತಪ್ಪಿಸಿಕೊಂಡರೆ ಕಳೆದುಹೋಗುವುದು ಚಿಕಿತ್ಸೆಯ ಸಮಯ.