ಭಾರವಾಹಕ ಬೆಲ್ಟಿನ ವಿನ್ಯಾಸದಲ್ಲಿ ಸಡಿಲ ಪಾರ್ಶ್ವದ ಬಿಗಿತ

ಗಣಿಯ ಅದಿರನ್ನಾಗಲಿ ಕಲ್ಲಿದ್ದಲನ್ನಾಗಲಿ ಎಡೆಬಿಡದೆ ಸಾಗಿಸುವ ಕನ್ವೇಯರ್ ಬೆಲ್ಟನ್ನು ಕುರಿತು ವಿಚಾರ ನಡೆಯುವಾಗಲೆಲ್ಲ ಮೊದಲು ಏಳುವ ಪ್ರಶ್ನೆ, ಅದನ್ನೆಳೆಯಲು ಎಷ್ಟು ಸಾಮರ್ಥ್ಯದ ಮೋಟಾರು ಬೇಕೆಂಬುದು. ಪ್ರಶ್ನೆ ಸಹಜವಾದುದೇ. ಆದರೆ ಮೋಟಾರು ತಿರುಗಿಸುವ ಪುಲ್ಲಿಗೂ ಅದನ್ನು ಅಪ್ಪಿಕೊಂಡಿರುವ ಬೆಲ್ಟಿಗೂ ನಡುವೆ ಹಲ್ಲಾಗಲಿ ಕೊಂಡಿಯಾಗಲಿ ಇಲ್ಲವಾದುದರಿಂದ, ಆ ಸಾಮರ್ಥ್ಯವು ಬೆಲ್ಟಿಗೆ ಸಂಕ್ರಮಿಸುವುದು ಘರ್ಷಣೆಯೊಂದರ ಮೂಲಕವೇ. ಆ ಘರ್ಷಣೆಯಾದರೋ, ಬೆಲ್ಟು ಪುಲ್ಲಿಯನ್ನು ಬಿಟ್ಟು ಹೊರಡುವ ಕಡೆಯಲ್ಲಿ, ಎಂದರೆ ಹೊರೆಯಿಲ್ಲದೆ ಬರಿದೇ ಹಿಂದಿರುಗುವ ಸಡಿಲ ಪಾರ್ಶ್ವದಲ್ಲಿ, ಎಷ್ಟು ಬಿಗಿತ ಉಳಿದಿದೆಯೆಂಬುದನ್ನು ಆಶ್ರಯಿಸಿದೆ. ಬೆಲ್ಟಿನ ಬಲ, ಪುಲ್ಲಿಗಳ ಸಂಖ್ಯೆ, ತೂಗುಭಾರ ಇವೆಲ್ಲವೂ ಈ ಒಂದು ಪರಿಮಾಣಕ್ಕೆ ಅಧೀನವೆಂಬುದನ್ನು ಲೆಕ್ಕದ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಭಾರಿ ಹೊರೆಗೆ ತಾಳುವ ಬೆಲ್ಟಿನ ಚರಿತ್ರೆ ಮೊದಲಾದುದು ಬಿಗಿತದ ಚಿಂತೆಯಿಂದಲ್ಲ, ಸವೆತದ ಚಿಂತೆಯಿಂದ. ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಆಗ್ಡನ್ ಎಂಬಲ್ಲಿ ಥಾಮಸ್ ಎಡಿಸನ್ನನು ಕಳಪೆ ಕಬ್ಬಿಣದ ಅದಿರನ್ನು ಅಯಸ್ಕಾಂತದಿಂದ ಬೇರ್ಪಡಿಸುವ ಕಾರ್ಖಾನೆಯನ್ನು ನಡೆಸುತ್ತಿದ್ದಾಗ, ಅಲ್ಲಿನ ಬೆಲ್ಟುಗಳು ಅದಿರಿನ ಉಜ್ಜುವಿಕೆಯಿಂದ ಬೇಗನೆ ಹಾಳಾಗುತ್ತಿದ್ದುದನ್ನು 1891ರ ಸುಮಾರಿಗೆ ಕಂಡ ಥಾಮಸ್ ರಾಬಿನ್ಸ್ ಎಂಬ ತರುಣನು, ಹತ್ತಿಯ ಬಟ್ಟೆಗಿಂತ ರಬ್ಬರೇ ಸವೆತವನ್ನು ಹೆಚ್ಚು ತಾಳುವುದೆಂದು ಮನಗಂಡು, ಹೊರೆ ಬೀಳುವ ಮೇಲ್ಮೈಗೆ ದಪ್ಪನೆಯ ರಬ್ಬರಿನ ಹೊದಿಕೆಯನ್ನು ಕೊಡಿಸಿದನು. ಬೆಲ್ಟನ್ನು ದೋಣಿಯಾಕಾರಕ್ಕೆ ತರುವ ರೋಲರುಗಳ ವ್ಯವಸ್ಥೆಯನ್ನೂ ರೂಪಿಸಿದನು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಕನ್ವೇಯರಿಗೆ ಅತ್ಯುನ್ನತ ಬಹುಮಾನ ಲಭಿಸಿತು. ಬೆಲ್ಟಿನ ಬಾಳಿಕೆಯನ್ನು ಹೆಚ್ಚಿಸಿದ ಈ ಸುಧಾರಣೆಗಳು ಅದರ ಉದ್ದವನ್ನು ಹೆಚ್ಚಿಸಲು ಸಾಲದಾದುವು, ಏಕೆಂದರೆ ಉದ್ದ ಬೆಳೆದಂತೆಲ್ಲ ಬೆಳೆಯುವುದು ಬಿಗಿತ. ಹತ್ತಿಯ ಪದರಗಳ ಸ್ಥಾನಕ್ಕೆ ಉಕ್ಕಿನ ತಂತಿಹಗ್ಗಗಳು ಬಂದ ಮೇಲೆಯೇ ಒಂದೇ ಬೆಲ್ಟು ಹಲವು ಕಿಲೋಮೀಟರು ಹರಿಯುವಂತಾಯಿತು.

ಪುಲ್ಲಿಗೂ ಬೆಲ್ಟಿಗೂ ಇರುವ ಹಿಡಿತದ ನಿಯಮ ಇದಕ್ಕಿಂತ ಬಹಳ ಹಳೆಯದು. ಹದಿನೆಂಟನೆಯ ಶತಮಾನದಲ್ಲಿ ಆಯ್ಲರನೂ ಅನಂತರ ಐಟೆಲ್‌ವೈನನೂ ನಿರೂಪಿಸಿದ ಆ ನಿಯಮದಂತೆ, ಹೊರೆಯನ್ನೆಳೆಯುವ ಬಿಗಿ ಪಾರ್ಶ್ವದ ಬಿಗಿತವು ಸಡಿಲ ಪಾರ್ಶ್ವದ ಬಿಗಿತದ ಎಷ್ಟು ಪಟ್ಟಿನವರೆಗೆ ಏರಬಹುದೆಂಬುದು, ಘರ್ಷಣಾಂಕವನ್ನು ಬೆಲ್ಟು ಪುಲ್ಲಿಯನ್ನು ಅಪ್ಪಿರುವ ಕೋನದಿಂದ, ಎಂದರೆ ರೇಡಿಯನ್ನುಗಳಲ್ಲಿ ಅಳೆದ ಅಪ್ಪುಕೋನದಿಂದ, ಗುಣಿಸಿ, ಬಂದ ಲಬ್ಧವನ್ನು ಸ್ವಾಭಾವಿಕ ಲಘುಗಣಕದ ಆಧಾರಸಂಖ್ಯೆಯಾದ 2.718ಕ್ಕೆ ಘಾತವಾಗಿಸಿದರೆ ದೊರೆಯುವುದು. ಹೊಳೆಯ ದಡದಲ್ಲಿ ದೋಣಿಯ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ತುದಿಯನ್ನು ಬೆರಳುಗಳಲ್ಲಿ ಹಿಡಿದ ಅಂಬಿಗನು ಇಡೀ ದೋಣಿಯನ್ನು ತಡೆದು ನಿಲ್ಲಿಸುವುದು ಈ ನಿಯಮದ ಬಲದಿಂದಲೇ. ಬೆರಳುಗಳನ್ನು ಪೂರ್ತಿ ಬಿಟ್ಟನೋ, ಸುತ್ತುಗಳೆಷ್ಟಿದ್ದರೂ ಹಗ್ಗ ಜಾರುವುದು. ಸಡಿಲ ಪಾರ್ಶ್ವದಲ್ಲಿ ಬಿಗಿತವು ಶೂನ್ಯವಾದರೆ ಬಿಗಿ ಪಾರ್ಶ್ವದಲ್ಲಿಯೂ ಶೂನ್ಯವೇ.

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 1000 ಮೀಟರ್ ಉದ್ದದ, 20 ಮೀಟರ್ ಏರುವ, ಗಂಟೆಗೆ 1000 ಟನ್ ಅದಿರನ್ನು ಸೆಕೆಂಡಿಗೆ 2.5 ಮೀಟರ್ ವೇಗದಿಂದ ಒಯ್ಯುವ ಬೆಲ್ಟಿನ ಪ್ರತಿ ಮೀಟರಿನ ಮೇಲೆ 111 ಕಿಲೋಗ್ರಾಂ ಅದಿರಿರುವುದು. ಬೆಲ್ಟಿನ ತೂಕ ಮೀಟರಿಗೆ 20 ಕಿಲೋಗ್ರಾಂ, ಮೇಲಣ ಮತ್ತು ಕೆಳಗಣ ರೋಲರುಗಳ ತಿರುಗುವ ಭಾಗಗಳ ತೂಕ ಮೀಟರಿಗೆ ಒಟ್ಟು 30 ಕಿಲೋಗ್ರಾಂ ಎಂದಿಟ್ಟುಕೊಂಡು, ರೋಲರುಗಳ ಮೇಲೆ ಬೆಲ್ಟು ಸಾಗುವಾಗಿನ ನಿರೋಧವನ್ನು ಒಟ್ಟಾಗಿ ಸೂಚಿಸುವ, ರೂಢಿಯಲ್ಲಿರುವ 0.02ರ ಕೃತಕ ಘರ್ಷಣಾಂಕವನ್ನು ಬಳಸಿದರೆ, ಚಿಲ್ಲರೆ ನಿರೋಧಗಳೂ ಸೇರಿ ಘರ್ಷಣೆಯ ಪಾಲು 38.7 ಕಿಲೋನ್ಯೂಟನ್, ಅದಿರನ್ನು ಎತ್ತುವ ಪಾಲು 21.8, ಒಟ್ಟು 60.5 ಕಿಲೋನ್ಯೂಟನ್ ಆಗುವುದು. ಪುಲ್ಲಿಯಲ್ಲಿ ಬೇಕಾದ ಸಾಮರ್ಥ್ಯ ಸುಮಾರು 151 ಕಿಲೋವ್ಯಾಟ್. ಅನೇಕರ ಲೆಕ್ಕ ಇಲ್ಲಿಗೇ ನಿಂತುಬಿಡುವುದು.

ರಬ್ಬರು ಹೊದಿಸಿದ ಪುಲ್ಲಿಯ ಘರ್ಷಣಾಂಕ 0.35, ಅಪ್ಪುಕೋನ 210 ಅಂಶ ಎಂದಾದರೆ ಬಿಗಿತಗಳ ಅನುಪಾತ 3.6ನ್ನು ಮೀರಲಾರದು, ಎಂದಮೇಲೆ ಸಡಿಲ ಪಾರ್ಶ್ವದಲ್ಲಿ ಕನಿಷ್ಠ 23.3 ಕಿಲೋನ್ಯೂಟನ್ ಬಿಗಿತ ಇರಲೇಬೇಕು, ಬಿಗಿ ಪಾರ್ಶ್ವದಲ್ಲಿ ಅದು 83.8ಕ್ಕೆ ಏರಲೇಬೇಕು. ಬೆಲ್ಟು ಹೊರುವ ಈ ಬಿಗಿತದಲ್ಲಿ ಕಾಲು ಭಾಗಕ್ಕೂ ಮಿಕ್ಕಿದ ಪಾಲು ಒಂದು ಹರಳು ಅದಿರನ್ನೂ ಮುಂದಕ್ಕೆ ಸರಿಸುವುದಿಲ್ಲ. ಹಿಡಿತವನ್ನು ಕಾಯುವುದಷ್ಟೇ ಅದರ ಕೆಲಸ. ಅದನ್ನು ಒದಗಿಸುವುದು, ಹಿಂದಿರುಗುವ ಬೆಲ್ಟಿನ ಮಡಿಕೆಯ ಎರಡೂ ಎಳೆಗಳನ್ನು ಎಳೆಯುವಂತೆ ತೂಗುಬಿಟ್ಟ ಸುಮಾರು 4.75 ಟನ್ನಿನ ತೂಗುಭಾರ. ಬೆಲ್ಟು ಹಿಗ್ಗಿದರೂ ಕುಗ್ಗಿದರೂ ತಾನೂ ಇಳಿದೇರಿ ಬಿಗಿತವನ್ನು ಒಂದೇ ಸಮನಾಗಿ ಕಾಪಾಡುವ ಈ ತೂಗುಭಾರವನ್ನು ಬಿಟ್ಟು, ತಿರುಪಿನಿಂದ ಬಿಗಿಮಾಡುವ ಪದ್ಧತಿಯನ್ನು ದೀರ್ಘ ಬೆಲ್ಟುಗಳಿಗೆ ಅನ್ವಯಿಸುವುದು ಮಿತವ್ಯಯವೆಂದು ನಾನು ಒಪ್ಪಲಾರೆ.

ಮಳೆಗಾಲದಲ್ಲಿ ಇದೇ ಲೆಕ್ಕ ಏನಾಗುವುದೆಂಬುದು ವಿಚಾರಾರ್ಹ. ಹೊದಿಕೆಯಿಲ್ಲದ ಬರಿಯ ಉಕ್ಕಿನ ಪುಲ್ಲಿಗೆ ಕೆಸರುನೀರು ಸೇರಿದರೆ ಘರ್ಷಣಾಂಕವು 0.1ರವರೆಗೂ ಇಳಿಯುವುದುಂಟು. ಆಗ ಅನುಪಾತ 1.44ಕ್ಕೆ ಕುಸಿದು, ಸಡಿಲ ಪಾರ್ಶ್ವದಲ್ಲಿಯೇ 137 ಕಿಲೋನ್ಯೂಟನ್ ಬೇಕಾಗುವುದು! ಇಷ್ಟನ್ನು ತೂಗುಭಾರದಿಂದ ಪೂರೈಸಲು ಹೊರಟರೆ ಹೊರೆ ಹೆಚ್ಚದಿದ್ದರೂ ಬೆಲ್ಟನ್ನು ಎರಡು ಪಟ್ಟಿಗಿಂತ ಹೆಚ್ಚು ಬಲಪಡಿಸಬೇಕಾದೀತು. ಪುಲ್ಲಿಯ ಮೇಲಣ ಗೀರುಗಳುಳ್ಳ ರಬ್ಬರಿನ ಹೊದಿಕೆ, ಬೆಲ್ಟನ್ನು ಕೆರೆದು ಶುಚಿಮಾಡುವ ಅಲಗು ಮೊದಲಾದ, ಬೆಲೆಪಟ್ಟಿಯ ಕೊನೆಯಲ್ಲಿ ಅಲಂಕಾರದಂತೆ ಕಾಣುವ ಸಾಮಗ್ರಿಗಳ ನಿಜವಾದ ಮೌಲ್ಯ ಇಲ್ಲಿದೆ.

ಇನ್ನು ಅಪ್ಪುಕೋನವನ್ನು ಹೆಚ್ಚಿಸುವ ಮಾರ್ಗ. ಎರಡು ಪುಲ್ಲಿಗಳನ್ನು ಒಂದಾದಮೇಲೊಂದರಂತೆ ಜೋಡಿಸಿ ಒಟ್ಟು 400 ಅಂಶಗಳಷ್ಟು ಅಪ್ಪುಗೆಯನ್ನು ಪಡೆದು, ಎರಡೂ ಮೋಟಾರುಗಳು ಹೊರೆಯನ್ನು ಯುಕ್ತ ಪ್ರಮಾಣದಲ್ಲಿ ಹಂಚಿಕೊಳ್ಳುವಂತೆ ಮಾಡಿದರೆ, ಸಡಿಲ ಪಾರ್ಶ್ವದ ಅಗತ್ಯ 5.8 ಕಿಲೋನ್ಯೂಟನ್ನಿಗೆ ಇಳಿಯುವುದು. ಇದನ್ನು ಕಂಡು ಹಿಗ್ಗುವ ಮೊದಲು ಬೆಲ್ಟಿನ ಇನ್ನೊಂದು ತುದಿಯನ್ನು ನೋಡಬೇಕು. ಹೊರೆ ಬೀಳುವೆಡೆಯಲ್ಲಿ ಬೆಲ್ಟು ಎರಡು ರೋಲರುಗಳ ನಡುವೆ ಜೋಲುವುದು ಅಂತರದ ನೂರರಲ್ಲಿ ಎರಡು ಪಾಲನ್ನು ಮೀರಬಾರದೆಂದರೆ, 1.2 ಮೀಟರಿಗೊಂದು ರೋಲರಿರುವ ಈ ಬೆಲ್ಟಿಗೆ ಅಲ್ಲಿ 9.6 ಕಿಲೋನ್ಯೂಟನ್ ಬಿಗಿತ ಅವಶ್ಯ. ಹಿಂದಿರುಗುವ ಬೆಲ್ಟಿನ ಘರ್ಷಣೆಯನ್ನು ಕೂಡಿ ಅದರ ಇಳಿತದ ತೂಕವನ್ನು ಕಳೆದರೆ, ಸಡಿಲ ಪಾರ್ಶ್ವದಿಂದ ಹೊರಟು ಆ ತುದಿಯನ್ನು ಮುಟ್ಟುವ ಹೊತ್ತಿಗೆ ದೊರೆಯುವುದು 7.8 ಮಾತ್ರ. ಹೀಗೆ ಪುಲ್ಲಿಯ ಹಿಡಿತ ಬಿಟ್ಟುಕೊಟ್ಟ ಅಧಿಕಾರವನ್ನು ಜೋಲು ಕೈಗೆತ್ತಿಕೊಳ್ಳುವುದರಿಂದ, ಎರಡನೆಯ ಪುಲ್ಲಿಯಿಂದ ಲೆಕ್ಕದಲ್ಲಿ ಕಂಡ ಲಾಭವೆಲ್ಲ ಕೈಗೆ ಬರುವುದಿಲ್ಲ.

ಬೆಟ್ಟದಿಂದ ಇಳಿಯುವ ಬೆಲ್ಟಿನಲ್ಲಿ ಮೇಲಣ ವಿಚಾರವೆಲ್ಲ ತಲೆಕೆಳಗಾಗುವುದು. ಎತ್ತರದ ಅದಿರನ್ನು ಕೆಳಗಿಳಿಸುವ ಸಮಸ್ಯೆ ಕನ್ನಡನಾಡಿಗೆ ಹೊಸದೇನಲ್ಲ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಯ ದಾರಿ ಹಿಡಿಯುವ ಮೊದಲು ತಂತಿಮಾರ್ಗದ ತೊಟ್ಟಿಲುಗಳಲ್ಲಿ ಇಳಿಯುತ್ತಿದ್ದ ಕಾಲವೊಂದಿತ್ತು. ಚಿಲಿ ದೇಶದ ಲಾಸ್ ಪೆಲಾಂಬ್ರೆಸ್ ತಾಮ್ರದ ಗಣಿಯಲ್ಲಿ ಸುಮಾರು 13 ಕಿಲೋಮೀಟರು ಹರಿದು 1300 ಮೀಟರಿನಷ್ಟು ಇಳಿಯುವ ಬೆಲ್ಟುಗಳ ಶ್ರೇಣಿಯು ವಿದ್ಯುತ್ತನ್ನು ಬೇಡುವ ಬದಲು ತಾನೇ ಉತ್ಪಾದಿಸಿ ಕೊಡುವುದು. ಇಂತಲ್ಲಿ ಅತ್ಯಧಿಕ ಬಿಗಿತ ಇರುವುದು ಹೊರೆ ಬೀಳುವ ಮೇಲಿನ ತುದಿಯಲ್ಲಿ. ಆದುದರಿಂದ ಮೋಟಾರನ್ನೂ ಬ್ರೇಕನ್ನೂ ಸಾಮಾನ್ಯವಾಗಿ ಅಲ್ಲಿಯೇ ಇಡುವುದು ಯುಕ್ತ.

ಇಳಿಯುವ ಬೆಲ್ಟಿನಲ್ಲಿ ಘರ್ಷಣೆಯು ಶತ್ರುವಲ್ಲ, ಬ್ರೇಕಿನ ಸಹಾಯಕ. ಅದನ್ನು ಹೆಚ್ಚಾಗಿ ಎಣಿಸುವುದೇ ಅಪಾಯ. ನಮ್ಮ ಉದಾಹರಣೆಯ ಬೆಲ್ಟೇ 20 ಮೀಟರ್ ಏರುವ ಬದಲು 100 ಮೀಟರ್ ಇಳಿಯುತ್ತದೆಂದು ಭಾವಿಸಿದರೆ, ಅದಿರಿನ ತೂಕವು 109 ಕಿಲೋನ್ಯೂಟನ್ ಬಲದಿಂದ ಬೆಲ್ಟನ್ನು ಕೆಳಕ್ಕೆ ಎಳೆಯುವುದು. 0.02ರ ಘರ್ಷಣಾಂಕವನ್ನೇ ಇಲ್ಲಿಯೂ ಇಟ್ಟುಕೊಂಡರೆ ತಡೆಯಬೇಕಾದ ಬಲ 70 ಕಿಲೋನ್ಯೂಟನ್ ಎಂದು ಬರುವುದು. ಆದರೆ ನಯವಾಗಿ ತಿರುಗುವ ರೋಲರುಗಳುಳ್ಳ ಬೆಲ್ಟಿನಲ್ಲಿ ಆ ಅಂಕ 0.012ಕ್ಕೂ ಇಳಿಯುವುದರಿಂದ, ತಡೆಯಬೇಕಾದ ಬಲ ವಾಸ್ತವದಲ್ಲಿ 86ನ್ನು ಮುಟ್ಟೀತು. ಏರುವ ಬೆಲ್ಟಿನ ಅಭ್ಯಾಸದಿಂದ ಘರ್ಷಣೆಯನ್ನು ಧಾರಾಳವಾಗಿ ಎಣಿಸಿ, ಹಾಗೆ ಎಣಿಸಿದುದೇ ಜಾಗರೂಕತೆಯೆಂದು ತಿಳಿದ ವಿನ್ಯಾಸಕನ ಬ್ರೇಕು ಈ 16 ಕಿಲೋನ್ಯೂಟನ್ನಿನಷ್ಟು ದುರ್ಬಲವಾಗಿರುವುದು. ಆ ಕೊರತೆ ಹೊರಬೀಳುವುದು ಬೆಲ್ಟಿನ ತುಂಬ ಹೊರೆಯಿರುವಾಗ ವಿದ್ಯುತ್ತು ಹಠಾತ್ತನೆ ಕಡಿದು, ಮೋಟಾರಿನ ತಡೆಯೂ ಇಲ್ಲವಾಗಿ, ಬ್ರೇಕೊಂದೇ ಉಳಿದ ಕ್ಷಣದಲ್ಲಿ.