ಸಂಸತ್ತಿನ ಹಣಕಾಸು ಅಧಿಕಾರ: ಭಾರತದಲ್ಲಿ ಬೆಳೆದುಬಂದ ಬಗೆ

ತೆರಿಗೆ ಹಾಕಲು ಮತ್ತು ಬೊಕ್ಕಸದ ಹಣ ಖರ್ಚು ಮಾಡಲು ಸರ್ಕಾರವು ಜನಪ್ರತಿನಿಧಿಗಳ ಒಪ್ಪಿಗೆ ಪಡೆಯಬೇಕು. ಸಂಸತ್ತಿನ ಉಳಿದ ಅಧಿಕಾರಗಳಿಗೆಲ್ಲ ಬಲ ಬರುವುದು ಈ ಅಧಿಕಾರದಿಂದ.

1860ರಲ್ಲಿ ಜೇಮ್ಸ್ ವಿಲ್ಸನ್ ವಸಾಹತು ಭಾರತದ ಮೊದಲ ಬಜೆಟ್ ಮಂಡಿಸಿದಾಗ ಶಾಸನ ಪರಿಷತ್ತಿನಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ. 1892ರ ಕಾಯ್ದೆ ಬಜೆಟ್ ಮೇಲೆ ಮಾತಾಡಲು ಅವಕಾಶ ಕೊಟ್ಟಿತೇ ಹೊರತು ಮತ ಹಾಕುವ ಹಕ್ಕು ಕೊಡಲಿಲ್ಲ. ಪರಿಷತ್ತಿನ ಸದಸ್ಯರಾದ ಗೋಪಾಲಕೃಷ್ಣ ಗೋಖಲೆ 1902ರಿಂದ ವರ್ಷವರ್ಷವೂ ಸರ್ಕಾರದ ಅಂಕಿಅಂಶಗಳನ್ನೇ ಹಿಡಿದು ವಾದಿಸಿದರು. ಜನ ಕಷ್ಟದಲ್ಲಿರುವಾಗ ಬಜೆಟ್ಟಿನಲ್ಲಿ ಮಿಗತೆ ತೋರಿಸುವುದು ಸರಿಯಲ್ಲ, ಉಪ್ಪಿನ ತೆರಿಗೆ ಇಳಿಸಿ ಎಂಬುದು ಅವರ ಒತ್ತಾಯವಾಗಿತ್ತು. 1903ರಲ್ಲಿ ಆ ತೆರಿಗೆ ಮಣಕ್ಕೆ ಎರಡೂವರೆ ರೂಪಾಯಿಯಿಂದ ಎರಡಕ್ಕೆ ಇಳಿಯಿತು.

1919ರ ಕಾಯ್ದೆಯ ನಂತರ ಕೇಂದ್ರ ಶಾಸನಸಭೆಗೆ ಕೆಲವು ಬಾಬುಗಳ ಮೇಲೆ ಮತ ಹಾಕುವ ಹಕ್ಕು ಬಂತು. ಸೇನಾವೆಚ್ಚ ಅದರ ಹೊರಗೇ ಉಳಿಯಿತು. ಸಿಕ್ಕಿದ ಹಕ್ಕು ಎಷ್ಟು ಟೊಳ್ಳು ಎಂಬುದನ್ನು ಮತ್ತೆ ಉಪ್ಪೇ ತೋರಿಸಿಕೊಟ್ಟಿತು. 1923ರಲ್ಲಿ ಸರ್ಕಾರ ಉಪ್ಪಿನ ತೆರಿಗೆಯನ್ನು ಒಂದೂಕಾಲು ರೂಪಾಯಿಯಿಂದ ಎರಡೂವರೆಗೆ ಏರಿಸಹೊರಟಿತು. ಸಭೆ ಒಪ್ಪಲಿಲ್ಲ. ವೈಸರಾಯ್ ಲಾರ್ಡ್ ರೀಡಿಂಗ್ ತಮ್ಮ ವಿಶೇಷಾಧಿಕಾರ ಬಳಸಿ ಏರಿಕೆಯನ್ನು ಜಾರಿಗೆ ತಂದರು. ಮರುವರ್ಷ ಮೋತಿಲಾಲ್ ನೆಹರೂ ನಾಯಕತ್ವದ ಸ್ವರಾಜ್ಯ ಪಕ್ಷ ಇತರರ ಬೆಂಬಲದಿಂದ ಹಣಕಾಸು ಮಸೂದೆಯನ್ನೇ ತಳ್ಳಿಹಾಕಿಸಿತು. ಆಗಲೂ ಕೊನೆಯ ಮಾತು ವೈಸರಾಯ್‌ದೇ ಆಯಿತು.

ಸಂವಿಧಾನ ಈ ಮೇಲಧಿಕಾರವನ್ನು ತೆಗೆದುಹಾಕಿತು. 265ನೇ ವಿಧಿಯಂತೆ ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ. ಧನವಿನಿಯೋಗ ಕಾಯ್ದೆ ಇಲ್ಲದೆ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ. ಧನ ಮಸೂದೆಯ ವಿಷಯದಲ್ಲಿ ಲೋಕಸಭೆಯದೇ ಅಂತಿಮ ನಿರ್ಧಾರ. ರಾಜ್ಯಸಭೆ 14 ದಿನಗಳೊಳಗೆ ಸಲಹೆಯೊಂದಿಗೆ ಅದನ್ನು ಹಿಂದಿರುಗಿಸಬಹುದು, ಅಷ್ಟೆ.

ಪ್ರತಿ ಸಚಿವಾಲಯದ ಬೇಡಿಕೆಗೂ ಲೋಕಸಭೆಯ ಒಪ್ಪಿಗೆ ಬೇಕು. ಸದಸ್ಯರೊಬ್ಬರು ಬೇಡಿಕೆಯನ್ನು ‘1 ರೂಪಾಯಿಗೆ ಇಳಿಸಬೇಕು’ ಎಂದು ಸೂಚನೆ ಕೊಟ್ಟರೆ ಆ ಸಚಿವಾಲಯದ ನೀತಿಯನ್ನೇ ಅವರು ಒಪ್ಪುತ್ತಿಲ್ಲ ಎಂದರ್ಥ. ‘100 ರೂಪಾಯಿ ಕಡಿಮೆ ಮಾಡಬೇಕು’ ಎಂದರೆ ಯಾವುದೋ ಒಂದು ನಿರ್ದಿಷ್ಟ ಕುಂದುಕೊರತೆ ಸಭೆಯ ಮುಂದೆ ಬರುತ್ತದೆ. ಕಡಿತ ಸೂಚನೆ ಗೆದ್ದರೆ ಸರ್ಕಾರ ಸದನದ ವಿಶ್ವಾಸ ಕಳೆದುಕೊಂಡಂತೆ. ಇಂಥ ಹತ್ಯಾರ ಕೈಯಲ್ಲಿದ್ದರೂ ಅದನ್ನು ಬಳಸಲು ಸಮಯವೇ ಇರುವುದಿಲ್ಲ. ಚರ್ಚೆಗೆ ಗೊತ್ತುಪಡಿಸಿದ ಕೊನೆಯ ದಿನ ನಿಗದಿತ ಗಂಟೆಗೆ ಸ್ಪೀಕರ್ ಉಳಿದ ಬೇಡಿಕೆಗಳನ್ನೆಲ್ಲ ಚರ್ಚೆಯಿಲ್ಲದೆ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೋಟಿನ್ ಎಂದು ಹೆಸರು. 2018 ಮತ್ತು 2023ರಲ್ಲಿ ಗದ್ದಲದ ನಡುವೆ ಒಂದು ಸಚಿವಾಲಯದ ಬೇಡಿಕೆಯೂ ಚರ್ಚೆಯಾಗದೆ ಎಲ್ಲವೂ ಹೀಗೆಯೇ ಅಂಗೀಕಾರವಾದವು. ಗೋಖಲೆಯವರಿಗೆ ಇಲ್ಲದ ಮತದ ಹಕ್ಕು ಪಡೆದ ಸದನ, ಅವರಿಗಿದ್ದ ಮಾತಿನ ಹಕ್ಕನ್ನು ಆ ವರ್ಷಗಳಲ್ಲಿ ಬಿಟ್ಟುಕೊಟ್ಟದ್ದು ಸಣ್ಣ ನಷ್ಟವಲ್ಲ.

ಖರ್ಚಾದ ಹಣದ ಲೆಕ್ಕ ಕೇಳುವುದು ಸಂಸತ್ತಿನ ಇನ್ನೊಂದು ಹೊಣೆ. 1921ರಲ್ಲಿ ಹುಟ್ಟಿದ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಮಹಾಲೇಖಪಾಲರ (ಸಿಎಜಿ) ವರದಿಗಳನ್ನು ಪರಿಶೀಲಿಸುತ್ತದೆ. ಬ್ರಿಟಿಷರ ಕಾಲದಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯ ಹಣಕಾಸು ಸದಸ್ಯರೇ ಅದರ ಅಧ್ಯಕ್ಷರಾಗಿರುತ್ತಿದ್ದರು, ಅಂದರೆ ಲೆಕ್ಕ ಕೊಡಬೇಕಾದವರೇ ಲೆಕ್ಕ ಕೇಳುವ ಪೀಠದಲ್ಲಿ ಕೂರುತ್ತಿದ್ದರು. 1967ರಿಂದ ವಿರೋಧ ಪಕ್ಷದವರಿಗೆ ಆ ಸ್ಥಾನ ಕೊಡುವ ಸಂಪ್ರದಾಯವಿದೆ. ಸಮಿತಿಯ ಹೊರಗೆ, ಸದನದಲ್ಲೇ ಎದ್ದ ಪ್ರಶ್ನೆಗೂ ಬಲವಿದೆ. ಜೀವವಿಮಾ ನಿಗಮವು ಹರಿದಾಸ್ ಮುಂಧ್ರಾ ಕಂಪನಿಗಳ ಷೇರು ಕೊಂಡ ವಿಷಯವನ್ನು 1957ರ ಡಿಸೆಂಬರ್‌ನಲ್ಲಿ ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ ಎತ್ತಿದರು. ಎಂ. ಸಿ. ಛಾಗ್ಲಾ ಆಯೋಗದ ವಿಚಾರಣೆಯ ಬಳಿಕ, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು.

1993ರಲ್ಲಿ 17 ಇಲಾಖಾವಾರು ಸ್ಥಾಯಿ ಸಮಿತಿಗಳು ಬಂದವು. 2004ರಲ್ಲಿ ಅವುಗಳ ಸಂಖ್ಯೆ 24ಕ್ಕೆ ಏರಿತು. ಬಜೆಟ್ ಅಧಿವೇಶನದ ಬಿಡುವಿನಲ್ಲಿ ಇವು ಅಧಿಕಾರಿಗಳನ್ನು ಕರೆಸಿ ಬೇಡಿಕೆಗಳನ್ನು ಬಾಬುಬಾಬಾಗಿ ನೋಡುತ್ತವೆ. ಇವುಗಳ ಶಿಫಾರಸುಗಳಿಗೆ ಸರ್ಕಾರ ಕಟ್ಟುಬಿದ್ದಿಲ್ಲ. ಆದರೆ ಅವು ಎಷ್ಟರಮಟ್ಟಿಗೆ ಜಾರಿಯಾಗಿವೆ ಎಂಬುದನ್ನು ಸಚಿವರು ಆರು ತಿಂಗಳಿಗೊಮ್ಮೆ ಸದನಕ್ಕೆ ತಿಳಿಸಬೇಕೆಂದು 2004ರಲ್ಲಿ ಸ್ಪೀಕರ್ ನಿರ್ದೇಶನ ಹೊರಡಿಸಿದ್ದಾರೆ.