ಬಗನಿಯ ಹಿಟ್ಟು: ಅಂಕೋಲಾ ಸೀಮೆಯ ವನ್ಯಾಹಾರದ ಚರಿತ್ರೆಗೆ ಒಂದು ಪೀಠಿಕೆ

೧

ಅಂಕೋಲೆಗೆ ಆ ಹೆಸರು ಸುತ್ತಣ ಗುಡ್ಡಗಳ ಇಳಿಜಾರಿನಲ್ಲಿ ಬೆಳೆಯುವ ಅಂಕೋಲೆ ಗಿಡದಿಂದ ಬಂದಿತೆಂದೂ, ಹಾಲಕ್ಕಿ ಒಕ್ಕಲಿಗರು ಆ ಗಿಡವನ್ನು ಪೂಜ್ಯವಾಗಿ ಕಾಣುತ್ತಿದ್ದರೆಂದೂ ಪ್ರತೀತಿಯಿದೆ. ಕಾಡಿನ ಗಿಡವೊಂದು ಊರಿನ ಹೆಸರಾಗಿ ನಿಂತಿರುವ ಈ ಸೀಮೆಯಲ್ಲಿ ಕಾಡಿಗೂ ಜನಜೀವನಕ್ಕೂ ಇದ್ದ ಸಂಬಂಧ ಎಷ್ಟು ಹಳೆಯದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಪ್ರಸ್ತುತ ಲೇಖನದಲ್ಲಿ ಊರಿಗೆ ಹೆಸರು ಕೊಟ್ಟ ಆ ಗಿಡವನ್ನು ಬದಿಗಿಟ್ಟು, ಇದೇ ಕಾಡುಗಳಲ್ಲಿ ಜನರ ಹಸಿವನ್ನು ನೀಗಿಸಿದ ಬಗನಿ ಮರವನ್ನು ಕುರಿತು ವಿವೇಚಿಸಲು ಉದ್ದೇಶಿಸಿದ್ದೇವೆ.

ಬೇಟೆಯಿಂದಲೂ ಗೆಡ್ಡೆಗೆಣಸುಗಳ ಸಂಗ್ರಹಣೆಯಿಂದಲೂ ಮಾತ್ರವೇ ಜೀವಿಸುವ ಜನ ಇಂದು ಅಂಕೋಲಾ ತಾಲೂಕಿನಲ್ಲಿ ಇಲ್ಲ. ಹಾಲಕ್ಕಿಗಳು ಒಕ್ಕಲುತನದವರು, ಘಟ್ಟದ ಕಡೆಯ ಸಿದ್ದಿಗಳೂ ಕುಣಬಿಗಳೂ ಬೇಸಾಯವನ್ನು ಬಲ್ಲವರೇ. ಆದರೆ ಬೇಸಾಯ ಮಾಡುವವನು ಕಾಡಿನ ಅನ್ನವನ್ನು ಉಣ್ಣುವುದಿಲ್ಲವೆಂದು ಭಾವಿಸುವುದು ಸರಿಯಲ್ಲ. ಗದ್ದೆಯ ಬೆಳೆ ವರ್ಷದ ಕೆಲವು ತಿಂಗಳಿಗೆ ಸಾಲುತ್ತಿದ್ದ ಕಾಲದಲ್ಲಿ ಉಳಿದ ತಿಂಗಳುಗಳನ್ನು ಸಾಗಿಸಿದುದು ಕಾಡೇ. ಆದುದರಿಂದ ವನವಾಸಿಗಳ ಆಹಾರದ ಪ್ರಶ್ನೆ ಈ ಒಕ್ಕಲು ಜನರ ಚರಿತ್ರೆಗೂ ಸಂಬಂಧಿಸಿದುದೇ ಆಗಿದೆ.

೨

ಸಸ್ಯಶಾಸ್ತ್ರಜ್ಞರು ಬಗನಿಯನ್ನು ‘ಕ್ಯಾರಿಯೋಟಾ ಯುರೆನ್ಸ್’ ಎಂದು ಕರೆಯುತ್ತಾರೆ. ೧೭೫೩ರಲ್ಲಿ ಲಿನ್ನೇಯಸನು ಇಟ್ಟ ಈ ಹೆಸರಿನ ಉತ್ತರಾರ್ಧಕ್ಕೆ ‘ಉರಿಸುವುದು’ ಎಂದು ಅರ್ಥ; ಹಣ್ಣಿನ ತಿರುಳಿನಲ್ಲಿರುವ ಸೂಜಿಯಂಥ ಸುಣ್ಣದ ಹರಳುಗಳು ಮೈಗೆ ತಾಗಿದರೆ ತುರಿಕೆಯನ್ನುಂಟುಮಾಡುತ್ತವೆ. ಕನ್ನಡದಲ್ಲಿಯೇ ಇದಕ್ಕೆ ಬಗನಿ, ಬಗಿನೆ, ಬೈನೆ ಎಂದು ಪ್ರಾಂತಭೇದದಿಂದ ಹೆಸರುಗಳುಂಟು. ಸಿಂಹಳದ್ವೀಪದವರು ಇದನ್ನು ಕಿತುಲ್ ಎನ್ನುತ್ತಾರೆ. ೧೬೭೮ರಿಂದ ೧೬೯೩ರ ವರೆಗೆ ಆಂಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಮೊದಲನೆಯ ಸಂಪುಟದಲ್ಲಿಯೇ ಇದರ ಚಿತ್ರವೂ ‘ಚೂಂಡಪ್ಪನ’ ಎಂಬ ಮಲೆಯಾಳ ಹೆಸರೂ ಬಂದಿವೆ. ಆ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನೆಂಬ ವೈದ್ಯನೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ಪಂಡಿತರಿದ್ದರೆಂಬುದು ನಮ್ಮ ಕರಾವಳಿಯ ಓದುಗರಿಗೆ ಸ್ಮರಣೀಯವಾದ ವಿಷಯ.

ತೆಂಗು, ಅಡಕೆ, ಈಚಲುಗಳ ಬಂಧುವಾದರೂ ಬಗನಿಯ ಬಾಳು ಬೇರೆ ಬಗೆಯದು. ಅದರ ಎಲೆ ಎರಡು ಸಲ ಕವಲೊಡೆದು, ಒಂದೊಂದು ಕಿರುಗರಿಯೂ ಮೀನಿನ ಬಾಲದಂತೆ ಕೊನೆಗೊಳ್ಳುತ್ತದೆ. ತೆಂಗು ವರ್ಷವರ್ಷವೂ ಫಲಿಸಿದರೆ, ಬಗನಿಯು ಹತ್ತು ಹದಿನೈದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹೂವಿಲ್ಲದೆ ಬೆಳೆದು, ಅನಂತರ ತುದಿಯಿಂದ ಕೆಳಕ್ಕೆ ಒಂದೊಂದಾಗಿ ಗೊನೆಗಳನ್ನು ಹೊರಡಿಸಿ, ಕಡೆಯ ಗೊನೆ ಮುಗಿದ ಮೇಲೆ ಸಾಯುತ್ತದೆ. ಬಾಳಿನ ಕೊನೆಯ ಈ ಒಂದು ಫಲಕ್ಕಾಗಿ ಅದು ಇಡೀ ಆಯುಷ್ಯದ ಪಿಷ್ಟವನ್ನು ಕಾಂಡದಲ್ಲಿ ಕೂಡಿಡುತ್ತದೆ. ಮನುಷ್ಯನಿಗೆ ದೊರೆಯುವ ಹಿಟ್ಟೂ ಕಳ್ಳೂ ಇದೇ ಸಂಚಯದ ಎರಡು ರೂಪಗಳು. ಹೂ ಬಿಡುವ ಮುನ್ನ ಮರವನ್ನು ಕಡಿದರೆ ಹಿಟ್ಟು. ಹೂ ಬಿಟ್ಟ ಮೇಲೆ ಗೊನೆಯನ್ನು ಕೆತ್ತಿದರೆ ಕಳ್ಳು. ಫಲಿಸಿ ಮುಗಿದ ಮರದಲ್ಲಿ ಇವೆರಡೂ ಇಲ್ಲ.

೩

ಹಿಟ್ಟನ್ನು ತೆಗೆಯುವ ಕ್ರಮ ಸರಳವಾದರೂ ಶ್ರಮದ್ದು. ಬಲಿತ ಮರವನ್ನು ಉರುಳಿಸಿ, ಗಡುಸಾದ ಹೊರಗಟ್ಟನ್ನು ಸೀಳಿ, ಒಳಗಿನ ತಿರುಳನ್ನು ಕೆತ್ತಿ ಕುಟ್ಟುತ್ತಾರೆ. ಕುಟ್ಟಿದುದನ್ನು ನೀರಿನಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸಿದರೆ ನಾರು ಮೇಲುಳಿದು ಪಿಷ್ಟವು ನೀರಿನೊಡನೆ ಇಳಿಯುತ್ತದೆ. ಅದು ತಳವೂರಿದ ಮೇಲೆ ತಿಳಿನೀರನ್ನು ಚೆಲ್ಲಿ, ಗಸಿಯನ್ನು ಬಿಸಿಲಿಗೆ ಒಣಗಿಸಿದರೆ ಹಿಟ್ಟು ಸಿದ್ಧ. ಅದರಿಂದ ಗಂಜಿಯನ್ನೂ ರೊಟ್ಟಿಯನ್ನೂ ಮಾಡಬಹುದು. ಒಣಗಿದ ಹಿಟ್ಟು ಬಹುಕಾಲ ಕೆಡದೆ ಉಳಿಯುತ್ತದೆ.

ಇಲ್ಲಿ ಕೈಕೆಲಸಕ್ಕಿಂತ ಮೊದಲು ಬೇಕಾದುದು ಕಣ್ಣು. ಎಳೆಯ ಮರವನ್ನು ಕಡಿದರೆ ಶ್ರಮ ವ್ಯರ್ಥ, ಹೂ ಕಳೆದ ಮರವನ್ನು ಕಡಿದರೂ ವ್ಯರ್ಥ. ಯಾವ ಮರದ ತಿರುಳು ತುಂಬಿದೆಯೆಂಬುದನ್ನು ನಿಂತ ಮರದಲ್ಲಿಯೇ ಗುರುತಿಸುವ ಜ್ಞಾನವು ಆ ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದವರದೇ ಹೊರತು ಒಂದು ದಿನದಲ್ಲಿ ಕಲಿತುಬರುವಂಥದಲ್ಲ.

ಮರದ ಉಳಿದ ಭಾಗಗಳೂ ವ್ಯರ್ಥವಾಗುತ್ತಿರಲಿಲ್ಲ. ಗಡುಸಾದ ಹೊರಗಟ್ಟು ಒನಕೆಗೆ ಒದಗಿತು. ತಿರುಳು ತೆಗೆದ ಕಾಂಡ ನೀರು ಹಾಯಿಸುವ ದೋಣಿಯಾಯಿತು. ಎಲೆಯ ಬುಡದ ನಾರು ಹಗ್ಗಕ್ಕೂ, ಅಲ್ಲಿಯೇ ದೊರೆಯುವ ಮೆತ್ತನೆಯ ತುಪ್ಪುಳು ಚಕಮಕಿಯ ಕಿಡಿ ಹಿಡಿಯುವುದಕ್ಕೂ ಉಪಯೋಗಕ್ಕೆ ಬಂದವು. ಗರಿಯು ಚಪ್ಪರಕ್ಕೆ ಶೋಭೆಯಾಯಿತು.

ಸಸ್ಯವಿಜ್ಞಾನಿ ರಾಕ್ಸ್‌ಬರೋ, ೧೮೩೨ರಲ್ಲಿ ಸಿರಾಂಪುರದಲ್ಲಿ ಪ್ರಕಟವಾದ ತನ್ನ ‘ಫ್ಲೋರಾ ಇಂಡಿಕಾ’ದಲ್ಲಿ, ಈ ಮರದ ತಿರುಳು ಉತ್ತಮ ಸಾಬೂದಾಣಿಗೆ ಸಮವೆಂದು ಹೇಳುತ್ತಾರೆಂದೂ, ಈ ಮರಗಳು ಇರುವ ತನಕ ಅಲ್ಲಿನ ಜನರಿಗೆ ಕ್ಷಾಮದ ಬಾಧೆ ಅಷ್ಟಾಗಿ ತಟ್ಟಲಿಲ್ಲವೆಂದೂ ಬರೆದಿದ್ದಾನೆ. ಗೋದಾವರೀ ತೀರದ ಬೆಟ್ಟಗಳ ರೆಡ್ಡಿಗಳನ್ನು ಕುರಿತು ಫ್ಯೂರರ್-ಹೈಮೆಂಡಾರ್ಫರು ೧೯೪೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ, ಧಾನ್ಯ ತೀರಿದ ತಿಂಗಳುಗಳಲ್ಲಿ ಇದೇ ಮರದ ತಿರುಳು ಆಹಾರವಾಗಿದ್ದ ಸಂಗತಿ ಬರುತ್ತದೆ. ಆನೆಮಲೆಯ ಕಾಡರೂ ಇದನ್ನು ಬಲ್ಲರು. ಕೊಡಗಿನ ಕುಡಿಯರು ಬೈನೆಯ ಕಳ್ಳಿಗೆ ಹೆಸರಾದವರು. ಉತ್ತರ ಕನ್ನಡದ ಘಟ್ಟದ ಬುಡದ ಹಳ್ಳಿಗಳಲ್ಲಿ ಬಗನಿಯ ಹಿಟ್ಟು ಬಡವರ ಆಹಾರವಾಗಿತ್ತು.

ಮಾನವಶಾಸ್ತ್ರದ ಒಂದು ವಿವಾದಕ್ಕೆ ಇದು ನೇರವಾಗಿ ಸಂಬಂಧಿಸುತ್ತದೆ. ೧೯೮೭ರಲ್ಲಿ ಹೆಡ್‌ಲ್ಯಾಂಡ್ ಎಂಬ ವಿದ್ವಾಂಸರೂ, ೧೯೮೯ರಲ್ಲಿ ಬೇಲಿ ಮೊದಲಾದವರೂ, ಮಳೆಕಾಡಿನಲ್ಲಿ ಪಿಷ್ಟಾಹಾರ ವಿರಳವಾದುದರಿಂದ ಬೇಸಾಯಗಾರರ ನೆರವಿಲ್ಲದೆ ಅಲ್ಲಿ ಮನುಷ್ಯರು ಬಾಳಿರಲಾರರೆಂಬ ಸಂದೇಹವನ್ನು ಎತ್ತಿದರು. ಅವರ ವಾದದ ಕೇಂದ್ರ ಕಾಡುಗೆಣಸು. ೧೯೯೧ರಲ್ಲಿ ಬ್ರೋಸಿಯಸರು ಬೋರ್ನಿಯೋ ದ್ವೀಪದ ಪೆನಾನ್ ಜನರು ಕಾಡುತಾಳೆಯ ಹಿಟ್ಟಿನಿಂದ ಜೀವಿಸಿದುದನ್ನು ತೋರಿಸಿ ಇದಕ್ಕೆ ಉತ್ತರವಿತ್ತರು. ಸಹ್ಯಾದ್ರಿಯ ವಿಷಯದಲ್ಲಿ ಬಗನಿಗೂ ಅಂಥದೇ ಸ್ಥಾನವಿದೆಯೆಂದು ನಮ್ಮ ಅಭಿಪ್ರಾಯ. ಕಾಡುಗೆಣಸಿನ ಗೆಡ್ಡೆ ಮಳೆಗಾಲದಲ್ಲಿ ಹೊಸ ಬಳ್ಳಿಗೆ ಸಾರವನ್ನಿತ್ತು ಸೊರಗುತ್ತದೆ. ಕರಾವಳಿಯ ಒಕ್ಕಲಿನ ಕಣಜ ಬರಿದಾಗುವುದೂ ಆಗಲೇ. ಆದರೆ ಬಗನಿಯ ಕಾಂಡದ ಪಿಷ್ಟವು ಋತುವಿಗಿಂತ ಮರದ ವಯಸ್ಸನ್ನು ಅನುಸರಿಸುವುದರಿಂದ ಆಷಾಢದಲ್ಲಿಯೂ ದೊರೆಯುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಕಡಿದ ಮರ ಮತ್ತೆ ಚಿಗುರುವುದಿಲ್ಲ, ಬೀಜದಿಂದ ಇನ್ನೊಂದು ಬಲಿಯಲು ವರ್ಷಗಳೇ ಬೇಕು. ಆದುದರಿಂದ ವಿರಳವಾದ, ಸಂಚರಿಸುವ ಜನಕ್ಕೆ ಇದು ಆಧಾರವಾಗಬಲ್ಲುದು. ದಟ್ಟವಾಗಿ ನೆಲೆಸಿದ ಜನಕ್ಕೆ ಆಪತ್ಕಾಲದ ಬುತ್ತಿ ಮಾತ್ರವಾದೀತು.

೪

ಇಷ್ಟು ಮಹತ್ತ್ವದ ಆಹಾರವು ಚರಿತ್ರೆಯ ಪುಟಗಳಲ್ಲಿ ಏಕೆ ಮರೆಯಾಗಿದೆ? ಇದಕ್ಕೆ ಉತ್ತರವನ್ನು ಹತ್ತೊಂಬತ್ತನೆಯ ಶತಮಾನದ ಆಡಳಿತದಲ್ಲಿ ಹುಡುಕಬೇಕು.

೧೮೦೧ರಲ್ಲಿ ಬುಕಾನನ್ನನು ಕನ್ನಡ ಜಿಲ್ಲೆಯಲ್ಲಿ ಸಂಚರಿಸಿದಾಗ ಘಟ್ಟದ ಕಾಡುಗಳಲ್ಲಿ ಕುಮರಿ ಬೇಸಾಯ ನಡೆಯುತ್ತಿತ್ತು. ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಒಂದೆರಡು ವರ್ಷ ರಾಗಿ ಮೊದಲಾದುವನ್ನು ಬೆಳೆದು, ಅನಂತರ ಅದನ್ನು ಕಾಡಿಗೇ ಬಿಟ್ಟುಕೊಡುವ ಕ್ರಮವದು. ಕುಮರಿಯ ರಾಗಿ, ಕಾಡಿನ ಹಿಟ್ಟು, ಬೇಟೆಯ ಮಾಂಸ—ಇವು ಒಂದೇ ಜೀವನಕ್ರಮದ ಅಂಗಗಳಾಗಿದ್ದವು. ೧೮೬೦ರಲ್ಲಿ ಮದರಾಸು ಸರ್ಕಾರವು ವಿಶೇಷ ಅನುಮತಿಯಿಲ್ಲದೆ ಸರ್ಕಾರಿ ಕಾಡಿನಲ್ಲಿ ಕುಮರಿ ಮಾಡುವುದನ್ನು ನಿಷೇಧಿಸಿತು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಸೇರಿತು.

೧೮೭೮ನೆಯ ಇಸವಿಯು ಬಗನಿಯ ಚರಿತ್ರೆಯಲ್ಲಿ ವಿಶೇಷವಾಗಿ ಗಮನಿಸತಕ್ಕುದು. ಭಾರತೀಯ ಅರಣ್ಯ ಕಾಯಿದೆಯೂ ಮುಂಬಯಿ ಆಬಕಾರಿ ಕಾಯಿದೆಯೂ ಹೊರಟದ್ದು ಅದೇ ವರ್ಷ. ಮೊದಲನೆಯದರಿಂದ, ಕಾಯ್ದಿಟ್ಟ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಮರ ಕಡಿಯುವುದು ಅಪರಾಧವಾಯಿತು. ಎರಡನೆಯದರಿಂದ, ಪರವಾನಗಿಯಿಲ್ಲದೆ ಕಳ್ಳಿಳಿಸುವುದು ಅಪರಾಧವಾಯಿತು. ಹಿಟ್ಟು ಒಂದು ಕಾಯಿದೆಗೂ ಕಳ್ಳು ಇನ್ನೊಂದಕ್ಕೂ ಸಿಕ್ಕಿತು. ಆದರೆ ಇವೆರಡರ ಗತಿಯಲ್ಲಿ ಒಂದು ಭೇದವುಂಟು. ಕಳ್ಳು ಬೊಕ್ಕಸಕ್ಕೆ ಆದಾಯ ತರುವಂಥದು. ಆದುದರಿಂದ ಅದು ಲೆಕ್ಕಪತ್ರಗಳಲ್ಲಿ ಸೇರಿತು, ಅದನ್ನಿಳಿಸುವ ಹಳೆಪೈಕರ ಕುಲವೃತ್ತಿ ಗ್ಯಾಸೆಟಿಯರುಗಳಲ್ಲಿ ವರ್ಣಿತವಾಯಿತು. ಹಿಟ್ಟಿಗೆ ಸುಂಕವಿಲ್ಲ, ಸಂತೆಯಿಲ್ಲ, ಗುತ್ತಿಗೆಯಿಲ್ಲ. ಮನೆಯ ಹೆಂಗಸರು ಕುಟ್ಟಿ ಸೋಸಿ ಮನೆಯಲ್ಲಿಯೇ ಉಂಡುದನ್ನು ಯಾವ ಗುಮಾಸ್ತನು ಬರೆದಿಟ್ಟಾನು? ಹೀಗೆ ಬಗನಿಯೆಂದರೆ ಕಳ್ಳಿನ ಮರವೆಂಬ ಅರ್ಥವೇ ದಾಖಲೆಗಳಲ್ಲಿ ರೂಢವಾಗಿ, ಅನ್ನದ ಮರವೆಂಬ ಅರ್ಥವು ಹಿಂದೆ ಸರಿಯಿತು.

೫

ಈ ವಿಚಾರ ಪುರಾತನ ಕುತೂಹಲವಷ್ಟೇ ಎಂದು ಯಾರೂ ತಿಳಿಯಬಾರದು. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯು ಪರಿಶಿಷ್ಟ ಪಂಗಡಗಳಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು ೨೦೦೫ರ ಡಿಸೆಂಬರ್ ೧೩ಕ್ಕೆ ಹಿಂದಣ ಮೂರು ತಲೆಮಾರುಗಳಿಂದ, ಎಂದರೆ ೭೫ ವರ್ಷಗಳಿಂದ, ಕಾಡನ್ನು ಆಶ್ರಯಿಸಿದುದನ್ನು ಸಿದ್ಧಪಡಿಸಬೇಕೆಂದು ವಿಧಿಸುತ್ತದೆ. ಉತ್ತರ ಕನ್ನಡದ ಸಿದ್ದಿಗಳು ೨೦೦೩ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಾಲಕ್ಕಿಗಳ ಬೇಡಿಕೆ ಬಹುಕಾಲದಿಂದ ನಿಂತಿದೆ. ಸುಂಕ ಕಟ್ಟಿದವನ ಹೆಸರನ್ನು ಕಾಗದ ಹೇಳುತ್ತದೆ. ಕಾಡಿನ ಹಿಟ್ಟುಂಡು ಮಳೆಗಾಲ ಕಳೆದವನ ಹೆಸರನ್ನು ಹೇಳುವುದಿಲ್ಲ. ಲಿಖಿತ ಪ್ರಮಾಣವನ್ನೇ ಕೇಳುವಲ್ಲಿ, ಅತ್ಯಂತ ನಿಕಟವಾಗಿ ಕಾಡನ್ನು ಅವಲಂಬಿಸಿದವನೇ ಅತ್ಯಂತ ದುರ್ಬಲ ಸಾಕ್ಷಿಯಾಗಿ ನಿಲ್ಲುತ್ತಾನೆ.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ವಿದ್ಯೆಯಿಲ್ಲದೆಯೇ ಕಾಡಿನ ಮರಗಳ ಬೀಜ ಯಾವಾಗ ಬಲಿಯುತ್ತದೆ, ಯಾವ ಮರ ತಾಯಿಮರವೆಂಬುದನ್ನು ಬಲ್ಲವರಾಗಿದ್ದರು. ೨೦೨೦ನೆಯ ಸಾಲಿನ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದಿತು. ೨೦೨೪ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹಾಡಿನ ಭಂಡಾರವೆನಿಸಿದ್ದ ಸುಕ್ರಿ ಬೊಮ್ಮಗೌಡರೂ ೨೦೨೫ರ ಫೆಬ್ರವರಿಯಲ್ಲಿ ಅಗಲಿದರು. ಮರದ ಕಾಲವನ್ನು ಕಣ್ಣಳತೆಯಿಂದ ಗುರುತಿಸುವ ವಿದ್ಯೆ ಒಬ್ಬೊಬ್ಬರೊಡನೆ ಹೀಗೆ ಮುಗಿಯುತ್ತ ಬಂದಿದೆ.

ಆದುದರಿಂದ ಘಟ್ಟದ ಬುಡದ ಹಳ್ಳಿಗಳಲ್ಲಿ ಬಗನಿಯ ವಯಸ್ಸನ್ನು ಗುರುತಿಸುವ ಲಕ್ಷಣಗಳನ್ನೂ, ಹಿಟ್ಟಿನ ಕೆಲಸಕ್ಕೆ ಸಂಬಂಧಿಸಿದ ಮಾತುಗಳನ್ನೂ, ಯಾವ ಕಾಡಿನಲ್ಲಿ ಯಾರು ಮರ ಕಡಿಯುತ್ತಿದ್ದರೆಂಬ ಸ್ಮೃತಿಯನ್ನೂ ಹಿರಿಯರಿಂದ ಕೇಳಿ ಬರೆದಿಡುವುದು ನಮ್ಮ ವಿಭಾಗಗಳ ಮೊದಲ ಕೆಲಸವಾಗಬೇಕು. ಒಂದು ಮರದಿಂದ ದೊರೆಯುವ ಹಿಟ್ಟನ್ನು ತೂಗಿ, ಅದರ ವಯಸ್ಸಿನೊಡನೆ ಹೋಲಿಸಿ ನೋಡುವುದು ಸಸ್ಯಶಾಸ್ತ್ರಜ್ಞರಿಗೆ ಸೇರಿದ ಭಾಗ. ಈ ಎರಡು ಕೆಲಸಗಳೂ ಜೊತೆಯಾಗಿ ನಡೆದರೆ ಅಂಕೋಲಾ ಸೀಮೆಯ ಜನ ಕಾಡಿನೊಡನೆ ಬಾಳಿದ ಬಗೆಗೆ ಸುಂಕದ ಪುಸ್ತಕ ಕೊಡದ ಪ್ರಮಾಣವೊಂದು ದೊರೆಯುವುದೆಂದು ನಾವು ನಂಬಿದ್ದೇವೆ.